ಮಾತಾಡದೆ ಅರೆದ ಎಲೆ

ಬೆಳಗಿನ ಹೊತ್ತು ನನಗೆ ಮಾತಿರಲಿಲ್ಲ. ಹಿತ್ತಲಲ್ಲಿ ಬಳ್ಳಿಯ ಎಲೆ ಕಿತ್ತು, ತೊಳೆದು, ಕಲ್ಲಿನ ಮೇಲೆ ಅರೆದು, ಅಡಿಕೆ ಗಾತ್ರದ ಹಸಿರು ಉಂಡೆ ಮಾಡಿ, ನನ್ನ ಕೈಯಿಂದಲೇ ಅಪ್ಪನ ಬಾಯಿಗೆ ಹಾಕುವವರೆಗೆ ಒಂದು ಶಬ್ದವೂ ಆಡುವಂತಿರಲಿಲ್ಲ. ಆಡಿದರೆ ಔಷಧ ಸತ್ತಂತೆ. ಕೆಮ್ಮಬಹುದೇ ಎಂದು ಒಮ್ಮೆ ಕೇಳಿದ್ದೆ. ಅಪ್ಪ ಸ್ವಲ್ಪ ಯೋಚಿಸಿ, "ಕೆಮ್ಮು ಮಾತಲ್ಲ ಬಿಡವ್ವಾ" ಎಂದಿದ್ದರು.

ಇದನ್ನು ಬರೆಯುವಾಗ ಆ ಹಿತ್ತಲು ತಾನಾಗಿಯೇ ಚೆಂದವಾಗಲು ನೋಡುತ್ತದೆ. ಬಾವಿಕಟ್ಟೆಯ ಮೇಲೆ ಎಳೆಬಿಸಿಲು ಬಂದು ಕೂರುತ್ತದೆ, ಗುಬ್ಬಿ ಬರುತ್ತದೆ. ಗುಬ್ಬಿಯನ್ನು ಓಡಿಸುತ್ತೇನೆ. ಅದು ಇತ್ತೋ ಇಲ್ಲವೋ ಗೊತ್ತಿಲ್ಲ. ಖಾತ್ರಿಯಾಗಿ ಇದ್ದದ್ದು ಬಳ್ಳಿ, ಅರೆಯುವ ಕಲ್ಲು, ಮೂಲೆಯಲ್ಲಿ ಹಾಸಿದ್ದ ಕಡಪಾ ಕಲ್ಲು, ಸುತ್ತ ಗೋಡೆ. ಸತ್ಯನಾರಾಯಣಪೇಟೆಯ ನಮ್ಮ ಮನೆಯ ಹಿತ್ತಲಿಗೆ ಬೀದಿಯ ಕಡೆ ಬಾಗಿಲಿರಲಿಲ್ಲ. ಹೊರಗೆ ಹೋಗಬೇಕಾದರೆ ಅಡುಗೆಮನೆ ದಾಟಿ, ಪಡಸಾಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂತ ಅಪ್ಪನ ಮುಂದೆಯೇ ಹೋಗಬೇಕು.

ಅಪ್ಪನದು ಹತ್ತಿಯ ದಲಾಲಿ ಅಂಗಡಿ. ಸಕ್ಕರೆಗೆ ರೇಷನ್ ಇದ್ದ ಯುದ್ಧದ ವರ್ಷಗಳಲ್ಲೇ ಅವರ ಮೈಯಲ್ಲಿ ಸಕ್ಕರೆ ಹೆಚ್ಚಾಯಿತು. ಊರವರೆಲ್ಲ ಅದಕ್ಕಾಗಿ ಸಾಲಿನಲ್ಲಿ ನಿಂತಿರುವಾಗ ಇವರು ಹಿತ್ತಲಿಗೆ ಸುರಿದು ಬರುತ್ತಾರೆ ಎಂದು ಅಂಗಡಿಯ ಗೆಳೆಯರು ನಗೆಯಾಡಿದರು. ಎಷ್ಟು ನೀರು ಕುಡಿದರೂ ಬಾಯಿ ಆರುತ್ತಿತ್ತು. ಕಾಲಿನ ಹೆಬ್ಬೆರಳಿಗೆ ಚಪ್ಪಲಿ ಕಚ್ಚಿದ ಗಾಯ ಮಾಯದೆ ಕಪ್ಪಗಾಗುತ್ತ ಬಂತು. ಕಂಟೋನ್ಮೆಂಟಿನಲ್ಲಿದ್ದ ಡಾಕ್ಟರೊಬ್ಬರು ಗಾಜಿನ ಕೊಳವೆಯಲ್ಲಿ ನೀಲಿ ನೀರು ಹಾಕಿ, ಅದಕ್ಕೆ ಇವರ ಮೂತ್ರದ ಹನಿ ಬಿಟ್ಟು ಕುದಿಸಿದರು. ನೀಲಿ ಹೋಗಿ ಇಟ್ಟಂಗಿಯ ಬಣ್ಣ ಬಂತು. ದಿನಾ ಸೂಜಿ ಹಾಕಿಸಿಕೊಳ್ಳಬೇಕು ಎಂದರು.

"ಹತ್ತಿ ಅಂಡಿಗಿ ಅದೀನೇನು ನಾನು, ದಿನಾ ದಬ್ಬಣ ಹಾಕಿಸ್ಕೊಳ್ಳಾಕ?" ಎಂದು ಅಪ್ಪ ಎದ್ದು ಬಂದರು. ಮುಂದಿನ ಸೋಮವಾರ ಅಪ್ಪ, ಅವ್ವ, ನಾನು ಮೂವರೂ ಗಾಡಿ ಕಟ್ಟಿಸಿಕೊಂಡು ಕುರುಗೋಡಿಗೆ ಹೋದೆವು.

ಅಲ್ಲಿ ಗುಡ್ಡದ ಬುಡದಲ್ಲಿ ಬೇರು ಸೊಪ್ಪು ಕೊಡುವ ಒಬ್ಬ ಅಜ್ಜ ಇದ್ದರು. ಅವರು ಅಪ್ಪನ ನಾಡಿ ಹಿಡಿದರು, ಗಾಯ ಮೂಸಿದರು. ಆಮೇಲೆ ಅಪ್ಪನ ಅಂಗೈ, ಅವ್ವನ ಅಂಗೈ, ನನ್ನ ಅಂಗೈ ಮುಟ್ಟಿ ನೋಡಿದರು. ನನ್ನದನ್ನು ಬಿಡದೆ ಹಿಡಿದುಕೊಂಡು, "ಇದು ತಂಪು ಐತಿ. ಈ ಕೈ ಸಾಕು" ಎಂದರು. ಒಂದು ಬಳ್ಳಿಯ ಕಡ್ಡಿಗಳನ್ನು ಹಸಿ ಬಟ್ಟೆಯಲ್ಲಿ ಸುತ್ತಿ ಕೊಟ್ಟರು. ಮಧುನಾಶಿನಿ. ನಮ್ಮ ಪಕ್ಕದ ಮನೆಯ ತೆಲುಗು ಅಜ್ಜಿ ಆಮೇಲೆ ಅದನ್ನು ಪೊಡಪತ್ರಿ ಎಂದು ಗುರುತು ಹಿಡಿದಳು. ಅಜ್ಜ ಅಪ್ಪನನ್ನು ಬಂಡೆಯ ಮರೆಗೆ ಕರೆದುಕೊಂಡು ಹೋಗಿ ಬಹಳ ಹೊತ್ತು ಏನೋ ಹೇಳಿದರು.

ಆ ಮಾತು ನನಗೆ ಕೇಳಲಿಲ್ಲ. ಒಂದೇ ಕೈ ಇರಬೇಕು, ಮಾತಾಡಬಾರದು, ಔಷಧ ಕೊಟ್ಟ ಕೂಡಲೇ ಬಾವಿಗೆ ಹೋಗಿ ಕೈ ತೊಳೆದು ಆ ನೀರನ್ನು ಬಳ್ಳಿಯ ಬುಡಕ್ಕೆ ಹಾಕಬೇಕು, ಇದೆಲ್ಲ ಗಾಡಿಯಲ್ಲಿ ಬರುವಾಗ ಅಪ್ಪ ಹೇಳಿದ್ದು. ಜೋಳದ ರೊಟ್ಟಿ, ಹಾಗಲಕಾಯಿ, ನೆನೆಸಿದ ಮೆಂತ್ಯ, ನೇರಳೆ ಬೀಜದ ಪುಡಿ, ಇದನ್ನೂ ಅಪ್ಪನೇ ಹೇಳಿದರು. ಅಜ್ಜ ಹೇಳಿದ್ದು ಎಷ್ಟು, ಗಾಡಿ ಬಳ್ಳಾರಿ ಮುಟ್ಟುವಷ್ಟರಲ್ಲಿ ಅದಕ್ಕೆ ಸೇರಿದ್ದು ಎಷ್ಟು, ನಾನು ಹೇಳಲಾರೆ. ನನ್ನ ಆರೇಳು ವರ್ಷ ನಡೆದದ್ದು ಆ ಗಾಡಿಯಲ್ಲಿ ಕೇಳಿದ ಮಾತಿನ ಮೇಲೆ.

ಬಳ್ಳಿ ಹತ್ತಿತು. ಗೋಡೆಯ ಗುಂಟ ಏರಿ ಪಕ್ಕದ ಮನೆಯ ಕಡೆ ಇಣುಕಿತು. ಎಲೆಯಲ್ಲಿ ಕಸುವಿದೆಯೇ ಎಂದು ನೋಡಲು ಒಂದು ಉಪಾಯವಿತ್ತು. ಅರೆಯುವ ಮೊದಲು ಒಂದು ಎಲೆ ನಾನೇ ಅಗಿದು, ಅದರ ಮೇಲೆ ಒಂದು ಚಿಟಿಕೆ ಸಕ್ಕರೆ ನಾಲಿಗೆಗೆ ಹಾಕಿಕೊಳ್ಳಬೇಕು. ಸಕ್ಕರೆ ಮರಳಿನ ಹಾಗೆ ಕರಕರ ಎಂದರೆ ಎಲೆ ಸರಿಯಾಗಿದೆ. ಸಿಹಿ ಹತ್ತಿದರೆ ಬೇರೆ ಕುಡಿಯ ಎಲೆ ಕೀಳಬೇಕು. ಹಾಗಾಗಿ ನನ್ನ ದಿನ ಶುರುವಾಗುತ್ತಿದ್ದದ್ದೇ ಮುಚ್ಚಿದ ಬಾಯಿಯೊಳಗಿನ ಒಂದಿಷ್ಟು ಮರಳಿನಿಂದ. ಆಮೇಲೆ ಅವ್ವ ಕೊಟ್ಟ ಬೆಲ್ಲದ ಚಹಾ ಬಿಸಿನೀರು. ಬಾಳೆಹಣ್ಣು ತಿಂದರೆ ಹಸಿ ಹಿಟ್ಟು. ಸಿಹಿ ತಿರುಗಿ ಬರುವ ಹೊತ್ತಿಗೆ ಎಲ್ಲರ ತಿಂಡಿ ಮುಗಿದಿರುತ್ತಿತ್ತು.

ಔಷಧ ಕೆಲಸ ಮಾಡುತ್ತಿದೆಯೇ ಎಂದು ತಿಳಿಯುವುದು ಮೂಲೆಯ ಕಡಪಾ ಕಲ್ಲಿನಿಂದ. ಅಪ್ಪ ಬೆಳಗ್ಗೆ ಅದರ ಮೇಲೆ ಮೂತ್ರ ಮಾಡಿ ಬರುತ್ತಿದ್ದರು. ಸ್ನಾನ ಮುಗಿಸಿ, ಕೈ ಹಿಂದೆ ಕಟ್ಟಿಕೊಂಡು, ಮಾರುಕಟ್ಟೆಯಲ್ಲಿ ಹತ್ತಿ ನೋಡುವಾಗ ಬಗ್ಗುವ ಹಾಗೆ ಬಗ್ಗಿ ನೋಡುತ್ತಿದ್ದರು. ಇರುವೆ ಸಾಲು ಕಟ್ಟಿದ್ದರೆ ಸಕ್ಕರೆ ಇದೆ. ಕಲ್ಲು ಬರೀ ಕಲ್ಲಾಗಿದ್ದರೆ ಇಲ್ಲ.

ಮೊದಲ ಬೇಸಿಗೆ ಮುಗಿಯುವಷ್ಟರಲ್ಲಿ ಇರುವೆ ಬರುವುದು ನಿಂತಿತು. ಹೆಬ್ಬೆರಳು ಮಾಯಿತು. ಎಲೆಯಿಂದ ಮಾಯಿತೋ, ಅನ್ನ ಬಿಟ್ಟು ರೊಟ್ಟಿ ತಿಂದದ್ದರಿಂದಲೋ, ಗುಟ್ಟಾಗಿ ಅವ್ವ ಕಂಟೋನ್ಮೆಂಟಿನಿಂದ ತರಿಸಿ ಹಚ್ಚುತ್ತಿದ್ದ ಮುಲಾಮಿನಿಂದಲೋ, ಯಾರೂ ಬಿಡಿಸಿ ನೋಡಲಿಲ್ಲ. ನನ್ನ ಕೈಗುಣ ಎಂದಾಯಿತು. ಅಂಗಡಿಗೆ ಬಂದವರನ್ನೆಲ್ಲ ಅಪ್ಪ ಮನೆಗೆ ಕರೆತಂದು ನನ್ನ ಕೈ ತೋರಿಸುತ್ತಿದ್ದರು. "ನನ್ನ ಜೀವ ಈಕಿ ಮುಷ್ಟ್ಯಾಗ ಐತ್ರೀ." ಅವರ ದನಿಯಲ್ಲಿ ನಿಜವಾದ ಪ್ರೀತಿ ಇತ್ತು. ಅವರು ಕೆಟ್ಟವರಾಗಿದ್ದರೆ ಗೋಡೆ ಹಾರುವುದು ಸುಲಭವಿತ್ತು.

ನಾನು ಟೀಚರ್ ಟ್ರೈನಿಂಗ್ ಮುಗಿಸಿದ್ದೆ. ಕೆಲಸದ ಮಾತು ಬಂದರೆ ಅಪ್ಪ ಬಳ್ಳಿಯ ಕಡೆ ನೋಡುತ್ತಿದ್ದರು. ಮದುವೆಯ ಮಾತು ಬಂದರೂ ಅಷ್ಟೇ. "ಅಳಿಯ ಬೇಕಾದ್ರ ಇಲ್ಲೇ ಬಂದು ಇರ್ಲಿ. ಬಳ್ಳಿ ಕಿತ್ತು ಒಯ್ಯಾಕ ಬರಂಗಿಲ್ಲಲ್ಲ!" ಎಂದು ನಗುತ್ತಿದ್ದರು. ಹಾಗೆ ಇರಲು ಒಪ್ಪುವ ಅಳಿಯ ಬರಲಿಲ್ಲ.

ಸ್ವಾತಂತ್ರ್ಯ ಬಂದು ಎರಡು ಮೂರು ವರ್ಷವಾಗಿತ್ತು. ಬಳ್ಳಾರಿ ಮದರಾಸಿನಲ್ಲೇ ಇರಬೇಕೋ, ಮೈಸೂರಿಗೆ ಸೇರಬೇಕೋ, ತೆಲುಗರ ಕಡೆಗೋ ಎಂದು ಪಡಸಾಲೆಯಲ್ಲಿ ದೊಡ್ಡ ದೊಡ್ಡ ಮಾತು ನಡೆಯುತ್ತಿದ್ದ ದಿನಗಳು. ಆಗ ಇರುವೆ ತಿರುಗಿ ಬಂದವು.

ಅಪ್ಪ ಕಲ್ಲಿನ ಹತ್ತಿರ ನಿಂತೇ ಕೂಗಿದರು. "ಲೇ, ಇಲ್ಲಿ ಬಾ. ಇವತ್ತು ಎಲಿ ಅರಿವಾಗ ಮಾತಾಡಿದಿ ಏನು?"

"ಇಲ್ಲಪ್ಪಾ."

"ನೆನಪು ಮಾಡ್ಕೊ."

"ಇಲ್ಲ."

"ಬೆಕ್ಕಿಗಾದ್ರೂ ಹುಶ್ ಅಂದಿರಬೌದಲ್ಲ."

ಅಂದಿರಬಹುದು! ಯಾರು ಬಲ್ಲರು? ಆಡದ ಮಾತನ್ನು ಆಡಿಲ್ಲವೆಂದು ಸಾಬೀತು ಮಾಡುವುದು ಹೇಗೆ? ಮರುದಿನ ಮತ್ತೆ ಇರುವೆ, ಮತ್ತೆ ಅದೇ ಪ್ರಶ್ನೆ. ವಾರ ಕಳೆಯುವಷ್ಟರಲ್ಲಿ ನನಗೇ ಅನುಮಾನ ಹುಟ್ಟಿತು. ತುಟಿ ಅಲ್ಲಾಡಿತೇ? ಮನಸ್ಸಿನೊಳಗೆ ಅಂದುಕೊಂಡದ್ದು ದನಿಯಾಗಿ ಹೊರಬಿತ್ತೇ? ಅರೆಯುವಾಗ ಸೆರಗನ್ನು ಬಾಯಲ್ಲಿ ಕಚ್ಚಿಕೊಳ್ಳತೊಡಗಿದೆ. ಅವ್ವ ನನ್ನ ಎದುರು ಮಣೆ ಹಾಕಿಕೊಂಡು ಕೂತು ಕಾಯತೊಡಗಿದಳು. ಆಗಿನಿಂದಲೇ ಇರಬೇಕು, ನನ್ನ ನೆನಪನ್ನು ನಾನು ಸಾಕ್ಷಿಗೆ ಕರೆಯುವುದು ಬಿಟ್ಟದ್ದು. ಬೇರೆಯವರು ಪದೇ ಪದೇ ಕೇಳಿದರೆ ಅದು ಅವರಿಗೆ ಬೇಕಾದ ಉತ್ತರ ಹುಡುಕಿಕೊಡುತ್ತದೆ. ಮಧ್ಯಾಹ್ನವೂ ಮಾತು ಕಡಿಮೆಯಾಯಿತು. ಮಾತಾಡಬಹುದಾದ ಹೊತ್ತಿನಲ್ಲೂ ಬಾಯಿ ತೆರೆಯುವ ಮುಂಚೆ ಅಂಗೈ ನೋಡಿಕೊಳ್ಳುತ್ತಿದ್ದೆ, ಹಸಿರು ಇದೆಯೇ ಎಂದು.

ಆ ದಿನಗಳಲ್ಲೇ ಒಂದು ಬೆಳಿಗ್ಗೆ ಅಕ್ಕೋರು ಬಂದರು. ಟ್ರೈನಿಂಗಿನಲ್ಲಿ ನನಗಿಂತ ಹಿರಿಯರು, ಸಿರುಗುಪ್ಪದ ಹೆಣ್ಣುಮಕ್ಕಳ ಶಾಲೆಯಲ್ಲಿ ದೊಡ್ಡ ಟೀಚರ್ ಆಗಿದ್ದರು. ನೆಂಟರ ಮನೆಗೆ ಬಂದವರು, ಎದ್ದವರೇ ನಮ್ಮ ಮನೆಗೆ ಬಂದು, ಪಡಸಾಲೆ ದಾಟಿ ನೇರ ಹಿತ್ತಲಿಗೇ ನುಗ್ಗಿದರು.

"ಏನವ್ವಾ, ಇನ್ನೂ ಚಟ್ನಿ ಅರೀತಾ ಕೂತೀಯಲ್ಲ! ನಮ್ಮ ಸಾಲ್ಯಾಗ ಒಂದು ಜಾಗ ಖಾಲಿ ಆಗೈತಿ. ನಿನ್ನ ಹೆಸರು ಹೇಳೀನಿ. ಬರ್ತೀಯೋ ಇಲ್ಲೋ?"

ನಾನು ಅರೆಯುತ್ತಲೇ ಇದ್ದೆ. ಸೆರಗು ಬಾಯಲ್ಲಿತ್ತು.

"ಏ ಹುಡುಗಿ, ನಿನ್ನ ಕೇಳ್ಲಿಕತ್ತೀನಿ."

ಅವ್ವ ಮಣೆಯಿಂದಲೇ ಹೇಳಿದಳು. "ಅಕಿ ಈಗ ಮಾತಾಡಂಗಿಲ್ರಿ. ಔಷಧ ಐತಿ."

"ಔಷಧ ಅಕಿಗೇನು? ಗಂಟಲಾ ಕಟ್ಟೈತೇನು?"

"ಅವರಿಗ್ರಿ. ಮಾತಾಡಿದ್ರ ಕೆಡತೈತಿ."

ಅಕ್ಕೋರು ಅವ್ವನನ್ನು ನೋಡಿದರು, ನನ್ನನ್ನು ನೋಡಿದರು, ಬಳ್ಳಿಯನ್ನು ನೋಡಿದರು. "ಹಂಗಾದ್ರ ತಲಿಯಾದ್ರೂ ಅಲ್ಲಾಡಿಸು" ಎಂದರು. ತಲೆ ಅಲ್ಲಾಡಿಸುವುದು ಮಾತೋ ಅಲ್ಲವೋ ಎಂದು ನಾನು ಅಪ್ಪನನ್ನು ಎಂದೂ ಕೇಳಿರಲಿಲ್ಲ. ಅಲ್ಲಾಡಿಸಲಿಲ್ಲ. ಅವ್ವನೇ, "ಬರಂಗಿಲ್ಲಂತ ತಿಳ್ಕೊಳ್ರಿ" ಎಂದಳು.

ಉಂಡೆ ಕಟ್ಟಿ ಒಳಗೆ ಹೋಗಿ ಅಪ್ಪನ ಬಾಯಿಗೆ ಹಾಕಿದೆ. ಅವರು ಕಣ್ಣು ಮುಚ್ಚಿ ಅಗಿದು ನುಂಗಿದರು. ಎಂದಿನಂತೆ ಬಾವಿಗೆ ನಡೆದೆ. ಪ್ರತಿದಿನ ಕೈ ತೊಳೆದು, ಬಳ್ಳಿಗೆ ನೀರು ಹಾಕಿ, ಕಲ್ಲು ತೊಳೆದು ಬರುವಷ್ಟರಲ್ಲಿ ಅಪ್ಪ ಅಂಗಡಿಗೆ ಹೊರಟು ನಿಂತಿರುತ್ತಿದ್ದರು. ಆ ದಿನ ಅಕ್ಕೋರು ನನ್ನ ರಟ್ಟೆ ಹಿಡಿದು ನಿಲ್ಲಿಸಿದರು. "ಕೊಟ್ಟಾಯ್ತಲ್ಲ, ಇನ್ನ ಹೇಳು" ಎಂದು ತಿರುಗಿ ಒಳಗೆ ಎಳೆದುಕೊಂಡು ಹೋದರು.

ಅಪ್ಪನ ಕೈಯಲ್ಲಿ ಶೇಂಗಾ ಹೋಳಿಗೆ ಇತ್ತು. ಅರ್ಧ ಬಾಯಲ್ಲಿ, ಅರ್ಧ ಕೈಯಲ್ಲಿ. ಔಷಧ ಕೊಡಲು ನಾನು ಒಳಗೆ ಹೋದಾಗಲೇ ಹಿಂದೆ ಬಂದಿದ್ದ ಅವ್ವ ಇನ್ನೊಂದನ್ನು ಹಿಡಿದು ನಿಂತಿದ್ದಳು.

ಯಾರೂ ಮಾತಾಡಲಿಲ್ಲ. ಈಗ ಮಾತಾಡಬಾರದೆಂಬ ಕಟ್ಟಳೆ ಯಾರಿಗೂ ಇರಲಿಲ್ಲ, ಆದರೂ.

ಮೊದಲು ನಕ್ಕವರು ಅಕ್ಕೋರು. "ಇದೂ ಔಷಧಾ ಏನ್ರೀ ಯಜಮಾನ್ರ?"

ಅಪ್ಪನಿಗೆ ನಾಚಿಕೆಯಾಗಲಿಲ್ಲ. ಮುಚ್ಚುಮರೆಯೂ ಮಾಡಲಿಲ್ಲ. ನಾವು ಇಷ್ಟು ದಿನ ಇದನ್ನು ತಿಳಿಯದೆ ಇದ್ದದ್ದೇ ಆಶ್ಚರ್ಯ ಎಂಬಂತೆ ವಿವರಿಸಿದರು. "ಎಲಿ ತಿಂದಮ್ಯಾಲೆ ಇದು ಸಿಹಿ ಅಲ್ರಿ. ಬರೀ ಮಣ್ಣು. ಬೇಕಾದ್ರ ಈಕೀನ ಕೇಳ್ರಿ, ದಿನಾ ನೋಡ್ತಾಳ. ನಾಲಿಗಿಗೇ ಗೊತ್ತಾಗಲಿಲ್ಲ ಅಂದಮ್ಯಾಲೆ ಹೊಟ್ಟಿಗಿ ಹೆಂಗ ಗೊತ್ತಾಗ್ತೈತಿ?"

"ಮಣ್ಣಾದ್ರ ಯಾಕ ತಿಂತೀರಿ?"

ಅಪ್ಪ ಕೈಯಲ್ಲಿದ್ದ ತುಂಡನ್ನು ನೋಡಿದರು. "ಹಲ್ಲಿಗೆ ಗೊತ್ತಾಗ್ತೈತಿ" ಎಂದರು. "ಕಣ್ಣು ಮುಚ್ಚಿದ್ರ ರುಚಿ ನೆನಪಾಗ್ತೈತಿ. ಅಷ್ಟ ಸಾಕು."

ಕಣ್ಣಿಗೆ ಕಟ್ಟುವ ಹಾಗೆ ಎಲೆ ನಾಲಿಗೆಗೆ ಕಟ್ಟಿದ ಬಟ್ಟೆಯನ್ನು ಅಪ್ಪ ಹೊಟ್ಟೆಗೂ ಕಟ್ಟಿಕೊಂಡಿದ್ದರು. ಅವ್ವನೂ ಅದನ್ನೇ ನಂಬಿದ್ದಳು. ಹಬ್ಬ ಬಂದು ಮೊದಲ ಸಲ ಹೋಳಿಗೆ ಕೊಟ್ಟಾಗ ಏನೂ ಆಗಲಿಲ್ಲವಂತೆ. ಆಮೇಲೆ ದಿನಾ. ಊಟದಲ್ಲಿ ಒಂದು ಚೂರು ಬೆಲ್ಲ ಬಿದ್ದರೂ ತೆಗೆದಿಡುವವಳು, ಎಲೆ ನುಂಗಿದ ಆ ಗಳಿಗೆಯನ್ನು ಗಂಡನಿಗೆ ಸಿಹಿ ಕೊಡಬಹುದಾದ ಒಂದೇ ಕಿಂಡಿ ಎಂದು ಕಾದುಕೊಂಡಿದ್ದಳು. "ಅವರು ಕಣ್ಣು ಮುಚ್ಚಿ ತಿನ್ನೋದು ನೋಡಿದ್ರ ನನಗ ಹೊಟ್ಟಿ ತುಂಬತಿತ್ತು" ಎಂದಳು. ಅವಳೂ ಯಾವುದೋ ಬಾಗಿಲಿಲ್ಲದ ಹಿತ್ತಲಲ್ಲೇ ಕೂತಿದ್ದಳೆಂದು ಆಗ ನನಗೆ ಹೊಳೆಯಿತು ಎಂದು ಬರೆಯಬಹುದು. ಹೊಳೆಯಲಿಲ್ಲ. ನನಗೆ ಸಿಟ್ಟು ಬಂತು, ಅಷ್ಟೇ.

"ಇರುವಿ ಬಂದಿದ್ದು ಇದಕ್ಕ" ಎಂದೆ. "ನಾ ಮಾತಾಡಿದ್ದಕ್ಕಲ್ಲ."

"ಇದಕ್ಕಲ್ಲ" ಎಂದರು ಅಪ್ಪ. "ಮೊದಲೂ ತಿಂತಿದ್ದೆ, ಆಗ ಬಂದಿರಲಿಲ್ಲ. ನಿನ್ನ ಮನಸ್ಸು ಹೊರಗ ಹೊಂಟೈತಿ. ಬಾಯಿ ಮುಚ್ಚಿದ್ರೂ ಮನಸ್ಸು ಮಾತಾಡಿದ್ರ ಕೈ ಕೆಡತೈತಿ."

ಇಲ್ಲಿಯವರೆಗೆ ಬಾಯಿಗೆ ಮಾತ್ರ ಕಾವಲಿತ್ತು. ಈಗ ಮನಸ್ಸಿಗೂ ಬಂತು. ಅಕ್ಕೋರು ನನ್ನ ಮುಖ ನೋಡಿ ನಗು ನಿಲ್ಲಿಸಿದರು. ಹೋಗುವಾಗ, "ನಾಳೆ ಮುಂಜಾನಿ ಬಸ್ಸಿಗೆ ನಾ ಹೊಂಟೀನಿ. ನೀ ಬಂದ್ರ ಜಾಗ ನಿಂದು. ಬರದಿದ್ರ ಇನ್ನೊಬ್ಬಾಕಿ ಕಾಯ್ಲಿಕತ್ತಾಳ" ಎಂದರು.

ಆ ಇಡೀ ದಿನ ಮನೆಯಲ್ಲಿ ಮಾತೇ ಮಾತು. ಅಪ್ಪ ಅಂಗಡಿಗೆ ಹೋಗಲಿಲ್ಲ. ಕುರ್ಚಿಯಲ್ಲಿ ಕೂತು, ಮಾಯ್ದ ಹೆಬ್ಬೆರಳನ್ನು ಎತ್ತಿ ತೋರಿಸಿದರು. "ಇದು ಯಾರು ಉಳಿಸಿದ್ದು? ನೀ ಹೋಗು, ಬ್ಯಾಡ ಅನ್ನಂಗಿಲ್ಲ. ಈ ಬೆರಳಿಗೆ ಒಂದು ಮಾತು ಹೇಳಿ ಹೋಗು." ಬೆರಳಿಗೆ ಏನು ಹೇಳುವುದು? ಅವ್ವನಿಗೆ ಅರೆಯಲು ಕಲಿಸುತ್ತೇನೆ ಎಂದೆ. ಅವ್ವನ ಕೈ ಬೆವರುತ್ತದೆ, ಅಜ್ಜ ಆಗಲೇ ಬೇಡವೆಂದಿದ್ದಾರೆ ಎಂದರು. ಕುರುಗೋಡಿಗೆ ಹೋಗಿ ಕೇಳಿ ಬರೋಣ ಎಂದೆ. ಅಜ್ಜ ತೀರಿಕೊಂಡು ಬಹಳ ದಿನವಾಯಿತು ಎಂದರು. ಅದು ನನಗೆ ಆಗಲೇ ಗೊತ್ತಾದದ್ದು. ಬಂಡೆಯ ಮರೆಯಲ್ಲಿ ಆಡಿದ ಮಾತನ್ನು ಇನ್ನು ಯಾರೂ ಸಡಿಲಿಸುವಂತಿರಲಿಲ್ಲ. ಸಂಜೆಗೆ ನಾನೇ ಸೋತು, ಟ್ರಂಕಿಗೆ ಹಾಕಿದ್ದ ಸೀರೆಗಳನ್ನು ತಿರುಗಿ ತೆಗೆದಿಟ್ಟೆ.

ಮರುದಿನ ಎಂದಿನಂತೆ ಎದ್ದೆ. ಎಲೆ ಕಿತ್ತೆ. ಒಂದನ್ನು ಅಗಿದು ಸಕ್ಕರೆ ಹಾಕಿಕೊಂಡೆ. ಮರಳು. ಎಲೆ ಸರಿಯಾಗಿತ್ತು. ಅರೆಯಲು ಕೂತೆ. ಅವ್ವ ಎದುರು ಮಣೆಯಲ್ಲಿ. ಅಪ್ಪನಿಗೆ ಕಾಯುವ ತಾಳ್ಮೆಯಿಲ್ಲದೆ ಅವರೂ ಹಿತ್ತಲಿಗೆ ಬಂದು ಬಾವಿಕಟ್ಟೆಯ ಮೇಲೆ ಕೂತಿದ್ದರು. ಇಬ್ಬರೂ ನನ್ನ ಬಾಯನ್ನೇ ನೋಡುತ್ತಿದ್ದರು. ಬಾಯಿ ಮುಚ್ಚಿತ್ತು. ಮನಸ್ಸು ಬಸ್ಸಿನ ಹತ್ತಿರವಿತ್ತು. ಅಪ್ಪನ ಲೆಕ್ಕದಲ್ಲಿ ಈ ಉಂಡೆ ಆಗಲೇ ಕೆಟ್ಟಿದೆ. ನಾಳಿನದೂ ಕೆಡುತ್ತದೆ. ನಾನು ಇಲ್ಲೇ ಇದ್ದರೂ ಕೆಡುತ್ತದೆ.

ಸೆರಗನ್ನು ಬಾಯಿಂದ ತೆಗೆದೆ.

"ಅಪ್ಪಾ, ನಾ ಸಿರುಗುಪ್ಪಕ್ಕ ಹೋಗ್ತೀನಿ."

ಅವ್ವ, "ಅಯ್ಯ ಶಿವನೇ, ಮಾತಾಡಿಬಿಟ್ಟ್ಯಲ್ಲಲೇ!" ಎಂದು ತನ್ನ ಬಾಯನ್ನೇ ಮುಚ್ಚಿಕೊಂಡಳು. ಅರೆಯುವ ಗುಂಡನ್ನು ನಾನು ಪಕ್ಕಕ್ಕಿಟ್ಟೆ. ಅಪ್ಪ ಎದ್ದು ಬಂದರು. ಹೊಡೆಯುತ್ತಾರೆ ಎಂದುಕೊಂಡೆ. ಅವರು ಎಂದೂ ಹೊಡೆದವರಲ್ಲ. ಕಲ್ಲಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಅರ್ಧ ಅರೆದಿದ್ದ ಆ ಹಸಿರನ್ನು, ನಾರು ನಾರಾಗಿದ್ದದ್ದನ್ನು, ತಮ್ಮ ಬೆರಳಿಂದಲೇ ಬಳಿದು ಬಾಯಿಗೆ ಹಾಕಿಕೊಂಡರು. ಅಗಿಯುತ್ತ ಬಹಳ ಹೊತ್ತು ಕೂತಿದ್ದರು. ಕೈಗುಣ ಹೋದ ಔಷಧವನ್ನು ಸ್ವಂತ ಕೈಯಿಂದ ತಿಂದರು.

ಅವ್ವ ಒಳಗೆ ಹೋಗಿ ಹೋಳಿಗೆ ತಂದಳು. ಕೈ ತಾನಾಗಿಯೇ ತಂದಿರಬೇಕು. ಇಲ್ಲಿ ನನ್ನ ಹತ್ತಿರ ಎರಡು ನೆನಪುಗಳಿವೆ. ಒಂದರಲ್ಲಿ ಅಪ್ಪ ತಲೆ ಅಲ್ಲಾಡಿಸಿ ಬೇಡವೆನ್ನುತ್ತಾರೆ. ಇನ್ನೊಂದರಲ್ಲಿ ನನ್ನನ್ನೇ ನೋಡುತ್ತ ಅದನ್ನು ತೆಗೆದುಕೊಂಡು ಕಚ್ಚುತ್ತಾರೆ. ಎಷ್ಟೋ ವರ್ಷ ಮೊದಲನೆಯದನ್ನೇ ಹೇಳಿಕೊಂಡು ಬಂದೆ. ಕೇಳಿದವರಿಗೂ ಅದು ಹಿತವಾಗಿತ್ತು. ಅದಕ್ಕೇ ಈಗ ಅದರ ಮೇಲೆ ಭರವಸೆಯಿಲ್ಲ. ಮುಂದೆ ಅವರು ಕಂಟೋನ್ಮೆಂಟಿನ ಸೂಜಿಗೆ ಒಪ್ಪಿದ್ದು ನಿಜ. ಸೂಜಿ ಚುಚ್ಚಿಸಿಕೊಂಡ ಮೇಲೂ ಒಂದು ಎಲೆ ಅಗಿಯುತ್ತಿದ್ದದ್ದೂ ನಿಜ. ಎಲೆಯ ಮೇಲೆ ಇನ್ನೇನು ತಿನ್ನುತ್ತಿದ್ದರೋ ನಾನು ನೋಡಲಿಲ್ಲ.

ಟ್ರಂಕು ತೆಗೆದುಕೊಳ್ಳಲಿಲ್ಲ. ಒಂದು ಗಂಟು ಕಟ್ಟಿಕೊಂಡು, ಅಡುಗೆಮನೆ ದಾಟಿ, ಪಡಸಾಲೆಯ ಖಾಲಿ ಕುರ್ಚಿಯ ಪಕ್ಕದಿಂದ ಹೊರಟೆ. ಹಿತ್ತಲಿಂದ ಯಾರೂ ಕರೆಯಲಿಲ್ಲ. ಬಸ್ಸಿನಲ್ಲಿ ಅಕ್ಕೋರು ಜಾಗ ಹಿಡಿದಿದ್ದರು. ನನ್ನ ಕೈ ಹಸಿರಾಗಿದ್ದದ್ದು ನೋಡಿ ಏನೂ ಕೇಳದೆ, ಚೀಲದಿಂದ ಒಂದು ಕಲ್ಲುಸಕ್ಕರೆ ತೆಗೆದು, "ತಗೊ, ಬಾಯಾಗ ಹಾಕ್ಕೊ. ಹೊಸಾ ಟೀಚರು" ಎಂದರು.

ಹಾಕಿಕೊಂಡೆ. ಬಸ್ಸು ಊರು ಬಿಟ್ಟು ಕಪ್ಪು ಹೊಲಗಳ ನಡುವೆ ಹೋಗುತ್ತಿತ್ತು. ಬಾಯಲ್ಲಿ ಒಂದು ಹರಳು ಕಲ್ಲು. ಉಗುಳಲಾರೆ, ಅಕ್ಕೋರು ನೋಡುತ್ತಿದ್ದಾರೆ. ನಾಲಿಗೆಯ ಆ ಕಡೆಗೆ, ಈ ಕಡೆಗೆ ಹೊರಳಿಸಿದೆ. ಅವರು ಶಾಲೆಯ ಬಗ್ಗೆ, ತಂಗಬೇಕಾದ ಕೋಣೆಯ ಬಗ್ಗೆ ಏನೇನೋ ಹೇಳಿದರು, ಕೇಳಿದರು. ಬೆಳಗಿನ ಹೊತ್ತಲ್ಲವೇ, ಬರೀ ತಲೆ ಅಲ್ಲಾಡಿಸಿದೆ.

ದಾರಿಯ ನಡುವೆ ಸಿರಿಗೇರಿಯ ಕಡೆಯವರು ಇಳಿಯುವ ಹೊತ್ತಿಗೆ ನಾಲಿಗೆಗೆ ಸಿಹಿ ತಿರುಗಿ ಬಂತು ಎಂದು ಬರೆದರೆ ಚೆನ್ನಾಗಿರುತ್ತದೆ. ಅಷ್ಟರೊಳಗೆ ಕಲ್ಲುಸಕ್ಕರೆ ಕರಗಿ ಮುಗಿದಿತ್ತು.